ಸೂರ್ಯಾಸ್ತದ ನಿಯಮವೂ ಇನ್ಸುಲಿನ್ನಿನ ವೇಳೆಯೂ

ಶ್ರಾವಕಾಚಾರದಲ್ಲಿ ರಾತ್ರಿಭೋಜನ ತ್ಯಾಗಕ್ಕೆ ಇರುವ ಸ್ಥಾನ ಜೈನ ಮನೆಗಳಲ್ಲಿ ಎಳೆಯ ಮಕ್ಕಳಿಗೂ ತಿಳಿದ ಸಂಗತಿ. ಅನ್ನ, ಪಾನ, ಖಾದ್ಯ, ಲೇಹ್ಯ ಎಂಬ ನಾಲ್ಕು ಬಗೆಯ ಆಹಾರವನ್ನೂ ರಾತ್ರಿ ತೊರೆದವನನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಆರನೆಯ ಪ್ರತಿಮೆಯ ಶ್ರಾವಕನೆಂದು ಎಣಿಸಿದ್ದಾರೆ. ಪ್ರತಿಮೆಗಳನ್ನು ವಿಧಿಪೂರ್ವಕವಾಗಿ ಏರದ ಸಾಮಾನ್ಯ ಗೃಹಸ್ಥರು ಕೂಡ ದೀಪ ಹಚ್ಚುವುದಕ್ಕೆ ಮುಂಚೆಯೇ ಊಟ ಮುಗಿಸುವ ಪದ್ಧತಿಯನ್ನು ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿದ್ದಾರೆ. ಜೀವದಯೆಯೇ ಇದರ ಮೂಲ.

ಇಂಥ ಮನೆಯೊಂದರಲ್ಲಿ ಮಗುವಿಗೋ ತರುಣನಿಗೋ ಮೊದಲನೆಯ ಬಗೆಯ ಮಧುಮೇಹ ಕಾಣಿಸಿಕೊಂಡಾಗ, ವ್ರತ ಮತ್ತು ಔಷಧ ಒಂದಕ್ಕೊಂದು ಎದುರಾಗಿ ನಿಂತಂತೆ ತೋರುತ್ತದೆ. ರಾತ್ರಿ ಸಕ್ಕರೆ ಇಳಿದರೆ ಏನು ಕೊಡಬೇಕು? ಅಷ್ಟಮಿ, ಚತುರ್ದಶಿಗಳಲ್ಲಿ ಊಟವಿಲ್ಲದಿರುವಾಗ ಸೂಜಿಮದ್ದು ಬೇಕೆ, ಬೇಡವೆ? ಈ ಪ್ರಶ್ನೆಗಳಿಗೆ ಉತ್ತರ ದೊರೆಯದೆ ಕೆಲವರು ವ್ರತವನ್ನೇ ಬಿಡುತ್ತಾರೆ. ಮತ್ತೆ ಕೆಲವರು ಔಷಧವನ್ನು ಬಿಟ್ಟು ಪ್ರಾಣಕ್ಕೆ ಸಂಚಕಾರ ತಂದುಕೊಳ್ಳುತ್ತಾರೆ. ಎರಡೂ ಅನಾವಶ್ಯಕ. ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನಿನ ಸ್ವಭಾವವನ್ನು ಅರಿತು, ಅದನ್ನು ತೆಗೆದುಕೊಳ್ಳುವ ವೇಳೆಯನ್ನು ವಿವೇಕದಿಂದ ಆರಿಸಿಕೊಂಡರೆ ಸೂರ್ಯಾಸ್ತದ ನಿಯಮವನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು.

ಎರಡು ಬಗೆಯ ಇನ್ಸುಲಿನ್

ಮೊದಲನೆಯ ಬಗೆಯ ಮಧುಮೇಹದಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕಣಗಳು ನಾಶವಾಗಿರುತ್ತವೆ. ಇದು ಅತಿಯಾಗಿ ಸಿಹಿ ತಿಂದುದರ ಫಲವಲ್ಲ. ಪಥ್ಯದಿಂದಾಗಲಿ ಮಾತ್ರೆಯಿಂದಾಗಲಿ ನೀಗುವುದೂ ಅಲ್ಲ. ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು. 1922ರ ಜನವರಿ 11ರಂದು ಕೆನಡಾದ ಟೊರಾಂಟೊ ನಗರದಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೆ ಹಿಂದೆ ಈ ರೋಗ ತಗುಲಿದ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಇಂದು ಬಳಕೆಯಲ್ಲಿರುವ ಇನ್ಸುಲಿನ್ನನ್ನು ಸ್ಥೂಲವಾಗಿ ಎರಡು ಬಗೆಯಾಗಿ ತಿಳಿಯಬಹುದು. ಊಟದ ಜೊತೆಗೆ ತೆಗೆದುಕೊಳ್ಳುವುದು ಒಂದು. ಅದು ಬೇಗನೆ ಕೆಲಸಕ್ಕೆ ತೊಡಗಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ದಿನವಿಡೀ ಸಣ್ಣಗೆ ಕೆಲಸ ಮಾಡುತ್ತಿರುವ ದೀರ್ಘಕಾಲದ ಇನ್ಸುಲಿನ್ ಇನ್ನೊಂದು. ಊಟವಿಲ್ಲದಾಗಲೂ ಯಕೃತ್ತು ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತಲೇ ಇರುತ್ತದೆ. ಅದನ್ನು ಹತೋಟಿಯಲ್ಲಿಡುವುದು, ದೇಹದ ಕೊಬ್ಬು ಅತಿಯಾಗಿ ಕರಗಿ ಕೀಟೋನ್ ಎಂಬ ಆಮ್ಲಗಳಾಗದಂತೆ ತಡೆಯುವುದು ಈ ಎರಡನೆಯದರ ಕೆಲಸ.

ಇಲ್ಲಿಯೇ ಮುಖ್ಯವಾದ ತತ್ತ್ವವಿದೆ. ಮೊದಲನೆಯದು ಅನ್ನಕ್ಕೆ ಸಂಬಂಧಿಸಿದ್ದು, ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು. ಊಟ ಬಿಟ್ಟ ದಿನ ಮೊದಲನೆಯದನ್ನು ವೈದ್ಯರ ಸೂಚನೆಯಂತೆ ಬಿಡಬಹುದು. ಎರಡನೆಯದನ್ನು ಯಾವ ದಿನವೂ ಬಿಡುವಂತಿಲ್ಲ.

ದೀರ್ಘಕಾಲದ ಇನ್ಸುಲಿನ್ನುಗಳಲ್ಲಿಯೂ ಭೇದಗಳಿವೆ. 1946ರಲ್ಲಿ ರೂಪುಗೊಂಡ ಎನ್‌ಪಿಎಚ್ ಎಂಬುದು ಚುಚ್ಚಿದ ಸುಮಾರು 4ರಿಂದ 10 ಗಂಟೆಗಳ ನಡುವೆ ಪ್ರಬಲವಾಗಿ, ಮುಂದೆ ಇಳಿಮುಖವಾಗುತ್ತದೆ, ದಿನಪೂರ್ತಿ ಬರುವುದಿಲ್ಲ. 2000ದಲ್ಲಿ ಬಳಕೆಗೆ ಬಂದ ಗ್ಲಾರ್ಜಿನ್ ಅಂಥ ದೊಡ್ಡ ಏರಿಳಿತವಿಲ್ಲದೆ ಸುಮಾರು 24 ಗಂಟೆ ನಡೆಯುತ್ತದೆ; ಆದರೆ ಕೆಲವರಲ್ಲಿ ಕೊನೆಯ ಮೂರು ನಾಲ್ಕು ಗಂಟೆ ಅದರ ಬಲ ಕುಂದುತ್ತದೆ. ಅನಂತರ ಬಂದ ಡೆಗ್ಲುಡೆಕ್ 42 ಗಂಟೆಗೂ ಮೀರಿ ನಿಲ್ಲುವಂಥದು. ಹೀಗಿರುವುದರಿಂದ ‘ಯಾವ ವೇಳೆ ಒಳ್ಳೆಯದು?’ ಎಂಬ ಪ್ರಶ್ನೆಗೆ ಮೊದಲು, ‘ಯಾವ ಇನ್ಸುಲಿನ್?’ ಎಂದು ಕೇಳಿಕೊಳ್ಳಬೇಕು.

ಹದಿನಾಲ್ಕು ಗಂಟೆಗಳ ರಾತ್ರಿ

ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮುಂಚೆ ಆಹಾರ ನಿಲ್ಲಿಸಿ, ಸೂರ್ಯೋದಯವಾಗಿ ಎರಡು ಗಳಿಗೆ ಕಳೆದ ಮೇಲೆ ಸ್ವೀಕರಿಸುವುದು ಶಾಸ್ತ್ರನಿಷ್ಠರ ಕ್ರಮ. ಬೆಂಗಳೂರಿನಲ್ಲಿ ನವೆಂಬರ್ ಕೊನೆಯ ವಾರ ಸೂರ್ಯನು ಸಂಜೆ ಸುಮಾರು 5.50ಕ್ಕೆ ಮುಳುಗಿ ಬೆಳಗ್ಗೆ ಸುಮಾರು 6.20ಕ್ಕೆ ಹುಟ್ಟುತ್ತಾನೆ. ಊಟ 5.02ಕ್ಕೆ ಮುಗಿಯಿತು, ಮರುದಿನದ ಮೊದಲ ತುತ್ತು 7.08ಕ್ಕೆ. ನಡುವೆ ಹದಿನಾಲ್ಕು ಗಂಟೆಗೂ ಮಿಕ್ಕ ನಿರಾಹಾರ. ಜುಲೈ ಆರಂಭದಲ್ಲಿ ಇದೇ ಅವಧಿ ಹದಿಮೂರು ಗಂಟೆಗೆ ಸ್ವಲ್ಪ ಕಡಿಮೆ.

ರಾತ್ರಿ ಒಂಬತ್ತಕ್ಕೆ ಉಣ್ಣುವ ಮನೆಯಲ್ಲಿ ಈ ಅಂತರ ಹತ್ತು ಹನ್ನೊಂದು ಗಂಟೆ ಮಾತ್ರ. ಅಂಥ ಮನೆಗಳಲ್ಲಿ ಮಲಗುವಾಗ ಒಂದು ಲೋಟ ಹಾಲು ಕುಡಿಯುವ ರೂಢಿಯೂ ಉಂಟು. ವೈದ್ಯರು ಬರೆದುಕೊಡುವ ಚೀಟಿ ಹೆಚ್ಚಾಗಿ ಆ ದಿನಚರಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತದೆ. ಜೈನ ಮನೆಯವರು ತಮ್ಮ ಊಟದ ವೇಳೆಯನ್ನು ವೈದ್ಯರಿಗೆ ಹೇಳದಿರುವುದು ಅನೇಕ ತೊಂದರೆಗಳಿಗೆ ಮೂಲ.

ಹದಿನಾರು ವರ್ಷದ ಶ್ರಾವಕಪುತ್ರಿಯೊಬ್ಬಳನ್ನು ಉದಾಹರಣೆಗಾಗಿ ಭಾವಿಸೋಣ. ಅವಳ ಊಟ ಸಂಜೆ ಐದೂವರೆಗೆ ಮುಗಿಯುತ್ತದೆ. ಚೀಟಿಯಲ್ಲಿ ‘ರಾತ್ರಿ 10ಕ್ಕೆ ಗ್ಲಾರ್ಜಿನ್’ ಎಂದಿದೆ. ನಡುರಾತ್ರಿ ಕಳೆದ ಮೇಲೆ ಅವಳು ಬೆವರಿ, ನಡುಗಿ ಏಳುತ್ತಾಳೆ. ತಾಯಿ ಗ್ಲೂಕೋಸ್ ಡಬ್ಬಿಗೆ ಕೈಹಾಕುತ್ತಾಳೆ. “ಸೂರ್ಯ ಹುಟ್ಟಲಿ, ತಡಿ ಮಗಾ” ಎನ್ನುತ್ತಾರೆ ಅಜ್ಜಿ. ಅಜ್ಜಿಯ ಮಾತಿನಲ್ಲಿ ಕಾಠಿಣ್ಯವಿಲ್ಲ. ಎಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ನಿಯಮದ ಮೇಲಿನ ಭಕ್ತಿಯಿದೆ. ಆದರೆ ತಡೆಯಲು ಅಲ್ಲಿ ಹೊತ್ತಿಲ್ಲ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅದು ಎಚ್ಚರಿಕೆ. 54ಕ್ಕಿಂತ ಇಳಿದರೆ ಅಪಾಯ. ಇನ್ನೂ ಇಳಿದರೆ ಪ್ರಜ್ಞೆ ತಪ್ಪಬಹುದು, ಸೆಳವು ಬರಬಹುದು. ಆ ಕ್ಷಣದಲ್ಲಿ ಗ್ಲೂಕೋಸ್ ಕೊಡುವುದೇ ಧರ್ಮ. ಅಂಥ ಕ್ಷಣ ಪದೇಪದೇ ಬಾರದಂತೆ ಏರ್ಪಾಡು ಮಾಡಿಕೊಳ್ಳುವುದು ವಿವೇಕ.

ಬೆಳಗೋ, ಬೈಗೋ?

ಗ್ಲಾರ್ಜಿನ್ನನ್ನು ದಿನದ ಯಾವ ವೇಳೆಯಲ್ಲಾದರೂ ತೆಗೆದುಕೊಳ್ಳಬಹುದು, ಆದರೆ ಪ್ರತಿದಿನ ಅದೇ ವೇಳೆಯಲ್ಲಿ ಎಂಬುದು ವೈದ್ಯಶಾಸ್ತ್ರದ ನಿಯಮ. 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಮೊದಲನೆಯ ಬಗೆಯ ಮಧುಮೇಹವಿದ್ದ 378 ಜನರನ್ನು ಮೂರು ಗುಂಪು ಮಾಡಿ, ಬೆಳಗಿನ ಉಪಾಹಾರದ ವೇಳೆಗೆ, ರಾತ್ರಿಯೂಟದ ವೇಳೆಗೆ, ಮಲಗುವ ವೇಳೆಗೆ ಗ್ಲಾರ್ಜಿನ್ ಕೊಟ್ಟು 24 ವಾರ ನೋಡಲಾಯಿತು. ಒಟ್ಟಾರೆ ಸಕ್ಕರೆಯ ಹತೋಟಿ ಮೂರು ಗುಂಪಿನಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ರಾತ್ರಿ ಸಕ್ಕರೆ ಇಳಿದ ಅನುಭವ ಬೆಳಗಿನ ಗುಂಪಿನಲ್ಲಿ ನೂರಕ್ಕೆ ಸುಮಾರು 60 ಜನರಿಗೆ, ರಾತ್ರಿಯೂಟದ ಗುಂಪಿನಲ್ಲಿ ಸುಮಾರು 72 ಜನರಿಗೆ, ಮಲಗುವ ವೇಳೆಯ ಗುಂಪಿನಲ್ಲಿ ಸುಮಾರು 78 ಜನರಿಗೆ ಆಯಿತು.

ಸೂರ್ಯಾಸ್ತದ ನಂತರ ಉಣ್ಣದವರಿಗೆ ಈ ವ್ಯತ್ಯಾಸ ಬಹಳ ಬೆಲೆಯುಳ್ಳದ್ದು. ಬೆಳಗ್ಗೆ ತೆಗೆದುಕೊಂಡ ಇನ್ಸುಲಿನ್ನಿನ ಬಲವಾದ ಭಾಗ ಉಂಡು ತಿರುಗಾಡುವ ಹಗಲಿನಲ್ಲಿ ಕಳೆಯುತ್ತದೆ. ಬಲ ಕುಂದುವ ಕೊನೆಯ ಭಾಗ ನಿರಾಹಾರದ ರಾತ್ರಿಗೆ ಬರುತ್ತದೆ. ಆದ್ದರಿಂದ ಇಂಥ ಮನೆಗಳಲ್ಲಿ ಬೆಳಗಿನ ವೇಳೆಯನ್ನು ವೈದ್ಯರೊಡನೆ ಮೊದಲು ಪರಿಶೀಲಿಸುವುದು ಯುಕ್ತ.

ಇದು ಎಲ್ಲರಿಗೂ ಒಂದೇ ಅಳತೆಯ ಅಂಗಿಯಲ್ಲ. ಕೆಲವರಿಗೆ ನಸುಕಿನ ಹೊತ್ತಿನಲ್ಲಿ ದೇಹದ ಸಹಜ ಸ್ರಾವಗಳಿಂದ ಸಕ್ಕರೆ ಏರುತ್ತದೆ. ಅದೇ ಹೊತ್ತಿಗೆ ಬೆಳಗಿನ ಗ್ಲಾರ್ಜಿನ್ನಿನ ಬಲವೂ ಕುಂದಿದರೆ ಏರಿಕೆ ಇಮ್ಮಡಿಯಾಗುವುದು. ಅಂಥವರಿಗೆ ವೈದ್ಯರು ಸಂಜೆಯ ವೇಳೆಯನ್ನೇ ಉಳಿಸಬಹುದು, ಪ್ರಮಾಣವನ್ನು ಎರಡಾಗಿ ಹಂಚಬಹುದು, ಅಥವಾ ಡೆಗ್ಲುಡೆಕ್‌ನಂಥ ಹೆಚ್ಚು ಕಾಲದ್ದಕ್ಕೆ ಬದಲಿಸಬಹುದು. ಡೆಗ್ಲುಡೆಕ್ ದಿನವಿಡೀ ಸಮನಾಗಿ ನಡೆಯುವುದರಿಂದ ಅಲ್ಲಿ ವೇಳೆಗಿಂತ ಪ್ರಮಾಣವೇ ಮುಖ್ಯ. ಎನ್‌ಪಿಎಚ್ ತೆಗೆದುಕೊಳ್ಳುವವರ ಸ್ಥಿತಿ ಬೇರೆ. ಸಂಜೆ ಐದರ ಊಟದ ಜೊತೆಗೆ ಅದನ್ನು ಚುಚ್ಚಿಕೊಂಡರೆ ಅದು ರಾತ್ರಿ ಒಂಬತ್ತರಿಂದ ಮೂರರವರೆಗೆ ಪ್ರಬಲವಾಗಿರುತ್ತದೆ; ಹೊಟ್ಟೆ ಬರಿದಾಗಿರುವ ಹೊತ್ತೂ ಅದೇ. ಬೆಳಗ್ಗೆ ಮಾತ್ರ ತೆಗೆದುಕೊಂಡರೆ ರಾತ್ರಿಗೆ ಸಾಲುವುದಿಲ್ಲ. ಅವರು ಊಟದ ವೇಳೆಯನ್ನು ವೈದ್ಯರಿಗೆ ತಿಳಿಸಿ ಬೇರೆ ಏರ್ಪಾಡು ಕೇಳಬೇಕು. ಎರಡು ಬಗೆಯನ್ನೂ ಒಂದೇ ಸೀಸೆಯಲ್ಲಿ ಬೆರೆಸಿದ ಇನ್ಸುಲಿನ್ ತೆಗೆದುಕೊಳ್ಳುವವರು ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳಲಾರರು. ಆದುದರಿಂದ ವೈದ್ಯರನ್ನು ಕಾಣದೆ ಒಂದು ಹೊತ್ತಿನ ಊಟವನ್ನೂ ಅವರು ಬಿಡಬಾರದು.

ಆರಿಸಿದ ವೇಳೆಯನ್ನು ಸೂರ್ಯನಿಗೆ ಕಟ್ಟದೆ ಗಡಿಯಾರಕ್ಕೆ ಕಟ್ಟಬೇಕು. ಊಟದ ವೇಳೆ ಋತುವಿನೊಂದಿಗೆ ಸರಿಯುತ್ತದೆ. ಇನ್ಸುಲಿನ್ನಿನ ವೇಳೆ ಸರಿಯಬಾರದು. ಬೆಳಗ್ಗೆ ಏಳು ಗಂಟೆ ಎಂದು ನಿಶ್ಚಯಿಸಿದರೆ ಚೈತ್ರದಲ್ಲಿಯೂ ಮಾರ್ಗಶಿರದಲ್ಲಿಯೂ ಅದು ಏಳು ಗಂಟೆಯೇ.

ವೇಳೆಯನ್ನು ಬದಲಿಸುವ ದಿನ ವಿಶೇಷ ಎಚ್ಚರ ಬೇಕು. ರಾತ್ರಿ ಹತ್ತಕ್ಕೆ ಹಳೆಯ ಪ್ರಮಾಣವನ್ನು ತೆಗೆದುಕೊಂಡು, ಮರುಬೆಳಗ್ಗೆ ಏಳಕ್ಕೆ ಮತ್ತೆ ಪೂರ್ಣ ಪ್ರಮಾಣ ತೆಗೆದುಕೊಂಡರೆ ಎರಡೂ ಒಂದರ ಮೇಲೊಂದು ಬಿದ್ದು ಸಕ್ಕರೆ ಕುಸಿಯುತ್ತದೆ. ರಾತ್ರಿಯದನ್ನು ಬಿಟ್ಟು ಬೆಳಗಿನವರೆಗೆ ಕಾದರೆ ಒಂಬತ್ತು ಗಂಟೆ ದೇಹಕ್ಕೆ ಆಸರೆಯಿಲ್ಲ. ನಡುವಿನ ಸೇತುವೆಯನ್ನು ವೈದ್ಯರೇ ಬರೆದುಕೊಡಬೇಕು.

ವ್ರತವೇ ಒಡ್ಡುವ ಪರೀಕ್ಷೆ

ದೀರ್ಘಕಾಲದ ಇನ್ಸುಲಿನ್ನಿನ ಪ್ರಮಾಣ ಸರಿಯಾಗಿದೆಯೇ ಎಂದು ತಿಳಿಯಬೇಕಾದರೆ ವೈದ್ಯರು ಒಂದು ಹೊತ್ತಿನ ಊಟವನ್ನು ತಡೆದು ಸಕ್ಕರೆಯನ್ನು ಅಳೆಯಲು ಹೇಳುವುದುಂಟು. ಹೊಟ್ಟೆಯಲ್ಲಿ ಆಹಾರವೂ ಊಟದ ಇನ್ಸುಲಿನ್ನೂ ಇಲ್ಲದಾಗ ಸಕ್ಕರೆಯ ಏರಿಳಿತ ದೀರ್ಘಕಾಲದ ಇನ್ಸುಲಿನ್ನೊಂದನ್ನೇ ತೋರಿಸುತ್ತದೆ. ರಾತ್ರಿಭೋಜನ ತೊರೆದವರಿಗೆ ಈ ಪರೀಕ್ಷೆಯ ಅವಕಾಶ ಪ್ರತಿ ರಾತ್ರಿಯೂ ತಾನಾಗಿ ಒದಗುತ್ತದೆ.

ಸಂಜೆ ಐದಕ್ಕೆ ತೆಗೆದುಕೊಂಡ ತ್ವರಿತ ಇನ್ಸುಲಿನ್ ಹತ್ತು ಗಂಟೆಯ ಹೊತ್ತಿಗೆ ಬಹುಮಟ್ಟಿಗೆ ಮುಗಿದಿರುತ್ತದೆ. ಹತ್ತಕ್ಕೆ, ಮೂರಕ್ಕೆ, ಬೆಳಗ್ಗೆ ಆರೂವರೆಗೆ ರಕ್ತವನ್ನು ಪರೀಕ್ಷಿಸಿ ಮೂರು ಅಂಕಿಗಳನ್ನು ಪುಸ್ತಕದಲ್ಲಿ ಬರೆಯಬೇಕು. ಅವು ಸುಮಾರು 30 ಮಿಲಿಗ್ರಾಮಿನೊಳಗಿನ ವ್ಯತ್ಯಾಸದಲ್ಲಿ ನಿಂತರೆ ಪ್ರಮಾಣ ತಕ್ಕದ್ದಾಗಿದೆ. ಪ್ರತಿ ರಾತ್ರಿಯೂ ಇಳಿಯುತ್ತಿದ್ದರೆ ಪ್ರಮಾಣ ಹೆಚ್ಚು, ಅಥವಾ ವೇಳೆ ಹೊಂದುತ್ತಿಲ್ಲ. ಏರುತ್ತಿದ್ದರೆ ಕೊರತೆ. ಮೂರು ನಾಲ್ಕು ರಾತ್ರಿಗಳ ಲೆಕ್ಕವನ್ನು ವೈದ್ಯರ ಮುಂದಿಟ್ಟರೆ ಅವರಿಗೆ ಊಹೆಯ ಅಗತ್ಯ ಉಳಿಯುವುದಿಲ್ಲ. ಮಲಗಿದವರು ಸಕ್ಕರೆ ಇಳಿದುದನ್ನು ತಾವೇ ಅರಿಯದಿರಬಹುದು. ಬೆವರಿನಿಂದ ತೊಯ್ದ ಬಟ್ಟೆ, ಕೆಟ್ಟ ಕನಸು, ಬೆಳಗಿನ ತಲೆನೋವು ಇವು ಮನೆಯವರು ಗಮನಿಸಬೇಕಾದ ಲಕ್ಷಣಗಳು.

ಉಪವಾಸದ ದಿನ

ದಶಲಕ್ಷಣ ಪರ್ವದಲ್ಲಿ, ಅನಂತ ಚತುರ್ದಶಿಯ ನೋಂಪಿಯಲ್ಲಿ ನಿರಾಹಾರ ಉಪವಾಸ ಮಾಡುವವರನ್ನು ಕಂಡಾಗ ಮಧುಮೇಹದ ತರುಣ ತರುಣಿಯರಿಗೂ ಹಾಗೆ ಮಾಡುವ ಹಂಬಲ ಹುಟ್ಟುವುದು ಸಹಜ. ಆದರೆ ಮೊದಲನೆಯ ಬಗೆಯ ಮಧುಮೇಹವಿರುವವರಿಗೆ ನಿರ್ಜಲ ಉಪವಾಸ, ಅನೇಕ ದಿನಗಳ ಉಪವಾಸ ಅಪಾಯಕರ. ನೀರಿಲ್ಲದೆ ದೇಹ ಒಣಗಿದರೆ ಕೀಟೋನುಗಳ ತೊಂದರೆ ಬೇಗ ಏಳುತ್ತದೆ. ‘ಇಂದು ಊಟವಿಲ್ಲ, ಸೂಜಿಯೂ ಬೇಡ’ ಎಂದು ದೀರ್ಘಕಾಲದ ಇನ್ಸುಲಿನ್ನನ್ನು ಬಿಟ್ಟರೆ ಅಪಾಯ ಇನ್ನೂ ಹತ್ತಿರವಾಗುತ್ತದೆ. ವಿಪರೀತ ಬಾಯಾರಿಕೆ, ಹೊಟ್ಟೆನೋವು, ವಾಂತಿ, ಆಳವಾದ ವೇಗದ ಉಸಿರು, ಬಾಯಿಂದ ಹಣ್ಣಿನಂಥ ವಾಸನೆ ಇದರ ಲಕ್ಷಣಗಳು. ನೋಡುವವರು ಇದನ್ನು ಉಪವಾಸದ ನಿತ್ರಾಣವೆಂದು ಬಗೆದು ಮಲಗಿಸಿಬಿಡುವ ಭಯವಿದೆ. ಇದು ನಿತ್ರಾಣವಲ್ಲ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ.

ಏಕಾಶನದಂಥ ಸೌಮ್ಯ ವ್ರತವನ್ನು ಕೈಗೊಳ್ಳುವವರು ವಾರಗಳ ಮೊದಲೇ ವೈದ್ಯರನ್ನು ಕಂಡು, ಆ ದಿನದ ಪ್ರಮಾಣ ಎಷ್ಟೆಂದು ಬರೆಸಿಕೊಳ್ಳಬೇಕು. ದೀರ್ಘಕಾಲದ ಇನ್ಸುಲಿನ್ನಿನ ಪ್ರಮಾಣವನ್ನು ವೈದ್ಯರು ಆ ದಿನ ಸ್ವಲ್ಪ ತಗ್ಗಿಸಬಹುದು. ವೇಳೆ ಮಾತ್ರ ಅದೇ ಇರುತ್ತದೆ.

ಅನಶನವೊಂದೇ ತಪಸ್ಸಲ್ಲ ಎಂಬುದನ್ನು ನೆನೆಯಬೇಕು. ಬಾಹ್ಯ ತಪಸ್ಸುಗಳು ಆರು. ಅವುಗಳಲ್ಲಿ ಅನಶನ ಒಂದು. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನ ಎಂಬ ಆರು ಅಂತರಂಗ ತಪಸ್ಸುಗಳಿಗೆ ಯಾವ ರೋಗವೂ ಅಡ್ಡಿಯಲ್ಲ. ತೀರ್ಥಂಕರ ಪ್ರಕೃತಿಯ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಹೆಸರಿಸುವಾಗ ಆಚಾರ್ಯರು ಅವೆರಡಕ್ಕೂ ‘ಶಕ್ತಿತಃ’ ಎಂಬ ವಿಶೇಷಣ ಸೇರಿಸಿದ್ದಾರೆ. ಶಕ್ತಿಯನ್ನು ಮುಚ್ಚಿಡಬಾರದು, ಶಕ್ತಿಯನ್ನು ಮೀರಲೂಬಾರದು ಎಂಬುದೇ ಇದರ ತಾತ್ಪರ್ಯ.

ಸಂಕಲ್ಪದಲ್ಲಿ ಸೇರಬೇಕಾದ ಮಾತು

ನಿಯಮವನ್ನು ಗುರುಗಳ ಮುಂದೆ ಅಥವಾ ಜಿನಬಿಂಬದ ಮುಂದೆ ಸ್ವೀಕರಿಸುವಾಗಲೇ ‘ಸಕ್ಕರೆ ಇಳಿದಾಗ ಪ್ರಾಣರಕ್ಷಣೆಗಾಗಿ ಗ್ಲೂಕೋಸ್ ಸೇವನೆಗೆ ಅವಕಾಶವಿಟ್ಟು’ ಎಂಬ ಮಾತನ್ನು ಸೇರಿಸಿಕೊಳ್ಳಬೇಕು. ರಸಪರಿತ್ಯಾಗದಲ್ಲಿ ಸಿಹಿಯನ್ನು ತೊರೆದವರಿಗೂ ಇದು ಅನ್ವಯಿಸುತ್ತದೆ. ಹೀಗೆ ಮಾಡಿದಾಗ ನಡುರಾತ್ರಿಯಲ್ಲಿ ತಾಯಿಗೂ ಅಜ್ಜಿಗೂ ನಡುವೆ ತರ್ಕಕ್ಕೆ ಎಡೆಯಿರುವುದಿಲ್ಲ. ಮೂರು ಚಹಾ ಚಮಚದಷ್ಟು, ಅಂದರೆ ಸುಮಾರು 15 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಗ್ಲೂಕೋಸನ್ನು ಅಳೆದು ಪೊಟ್ಟಣ ಕಟ್ಟಿ, ಹಗಲಿನಲ್ಲಿಯೇ ಸೋಸಿದ ನೀರಿನೊಂದಿಗೆ ಹಾಸಿಗೆಯ ಬಳಿ ಇಟ್ಟಿರುವುದು ಲೇಸು.

ಶಂಕಾ-ಸಮಾಧಾನ

ಶಂಕೆ: ಸೂಜಿಮದ್ದಿನಿಂದ ಉಪವಾಸಕ್ಕೆ ಭಂಗ ಬರುವುದಿಲ್ಲವೆ?

ಸಮಾಧಾನ: ಉಪವಾಸದಲ್ಲಿ ತ್ಯಜಿಸುವುದು ಚತುರ್ವಿಧ ಆಹಾರವನ್ನು. ಇನ್ಸುಲಿನ್ ಹಸಿವೆಯನ್ನು ತಣಿಸುವುದಿಲ್ಲ, ನಾಲಗೆಗೆ ರುಚಿ ಕೊಡುವುದಿಲ್ಲ, ದೇಹವನ್ನು ಪೋಷಿಸುವ ಅನ್ನವೂ ಅಲ್ಲ. ಆರೋಗ್ಯವಂತರ ದೇಹ ಉಪವಾಸದ ದಿನವೂ ಒಳಗೆ ಅದನ್ನು ಸುರಿಸುತ್ತಲೇ ಇರುತ್ತದೆ. ಒಳಗೆ ಇಲ್ಲದುದನ್ನು ಹೊರಗಿನಿಂದ ತುಂಬಿಕೊಡುವುದು ಆಹಾರವೆನಿಸದು. ಬೆರಳಿನ ತೊಟ್ಟು ರಕ್ತದ ಪರೀಕ್ಷೆಗೂ ಇದೇ ಮಾತು.

ಶಂಕೆ: ಇನ್ಸುಲಿನ್ ಪ್ರಾಣಿಜನ್ಯವಲ್ಲವೆ?

ಸಮಾಧಾನ: ಮೊದಲು ದನ, ಹಂದಿಗಳ ಗ್ರಂಥಿಯಿಂದ ತೆಗೆಯುತ್ತಿದ್ದುದು ನಿಜ. 1978ರಲ್ಲಿ ಮಾನವ ಇನ್ಸುಲಿನ್ನನ್ನು ಸೂಕ್ಷ್ಮಾಣುಗಳಿಂದ ಪಡೆಯುವ ಮಾರ್ಗ ಸಿದ್ಧವಾಗಿ, 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ದೊರೆಯಿತು. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟಿನ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ನನ್ನೂ 2009ರಲ್ಲಿ ಗ್ಲಾರ್ಜಿನ್ನನ್ನೂ ಹೊರತಂದಿತು. ಎನ್‌ಪಿಎಚ್‌ನಲ್ಲಿ ಬೆರೆಸುವ ಪ್ರೋಟಮೀನ್ ಎಂಬ ದ್ರವ್ಯ ಮೂಲತಃ ಮೀನಿನಿಂದ ಬಂದದ್ದು. ಗ್ಲಾರ್ಜಿನ್, ಡೆಗ್ಲುಡೆಕ್‌ಗಳಲ್ಲಿ ಅದು ಇಲ್ಲ. ಈ ವಿಚಾರವನ್ನು ವೈದ್ಯರಲ್ಲಿ ಹೇಳಿ ಆಯ್ಕೆ ಕೇಳಬಹುದು. ಆದರೆ ಬೇರೊಂದು ಕೈಗೆ ಬರುವವರೆಗೆ ಇರುವುದನ್ನು ನಿಲ್ಲಿಸಬಾರದು.

ಶಂಕೆ: ರೋಗಿಯು ಔಷಧ ಬಿಟ್ಟು ವ್ರತದಲ್ಲಿಯೇ ದೇಹ ತೊರೆದರೆ ಅದು ಸಲ್ಲೇಖನವಾಗದೆ?

ಸಮಾಧಾನ: ಆಗದು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದಂತೆ ಒದಗಿದಾಗ ಮಾತ್ರ ಸಲ್ಲೇಖನವನ್ನು ಸಮಂತಭದ್ರಾಚಾರ್ಯರು ವಿಧಿಸಿದ್ದಾರೆ. ಮೊದಲನೆಯ ಬಗೆಯ ಮಧುಮೇಹಕ್ಕೆ ಪ್ರತೀಕಾರವಿದೆ. ಅದು ದಿನಕ್ಕೊಮ್ಮೆ ಗಡಿಯಾರ ನೋಡಿ ತೆಗೆದುಕೊಳ್ಳುವ ಸೂಜಿಯಲ್ಲಿದೆ. ಆ ಆಚಾರ್ಯರ ಜೀವನದಲ್ಲಿಯೇ ಇದಕ್ಕೆ ನಿದರ್ಶನವುಂಟು. ಅವರಿಗೆ ತಣಿಯದ ಹಸಿವೆಯ ಭಸ್ಮಕ ವ್ಯಾಧಿ ತಗುಲಿತೆಂದೂ, ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪದೆ, ಮುನಿವೇಷವನ್ನು ಇಳಿಸಿಯಾದರೂ ರೋಗವನ್ನು ಶಮನಗೊಳಿಸಿಕೊಂಡು ಮರಳಿ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರೆಂದೂ ಪರಂಪರೆಯ ಕಥೆ ಹೇಳುತ್ತದೆ. ದೇವಚಂದ್ರನ ‘ರಾಜಾವಳಿ ಕಥೆ’ಯಲ್ಲಿ ಈ ವೃತ್ತಾಂತವಿದೆ. ಮಹಾವ್ರತಿಗೇ ಗುರುಗಳು ಔಷಧದ ದಾರಿ ತೋರಿದ ಮೇಲೆ ಅಣುವ್ರತಿಯಾದ ಗೃಹಸ್ಥನಿಗೆ ಸಂಕೋಚ ಬೇಡ.

ಸಾರಾಂಶ

1. ದೀರ್ಘಕಾಲದ ಇನ್ಸುಲಿನ್ ಊಟಕ್ಕೆ ಸೇರಿದ್ದಲ್ಲ. ಉಪವಾಸದ ದಿನವೂ ಅದನ್ನು ಬಿಡಬಾರದು.

2. ಸಂಜೆಯೂಟ ಮುಗಿಯುವ ವೇಳೆಯನ್ನೂ ಆಚರಿಸುವ ನೋಂಪಿಗಳನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು.

3. ಸೂರ್ಯಾಸ್ತದ ನಂತರ ಉಣ್ಣದವರಲ್ಲಿ ಗ್ಲಾರ್ಜಿನ್ ಅನೇಕರಿಗೆ ಬೆಳಗ್ಗೆ ಹೊಂದುತ್ತದೆ. ರಾತ್ರಿಯ ಮೂರು ಅಂಕಿಗಳನ್ನು ನೋಡಿ ವೈದ್ಯರೇ ಅದನ್ನು ನಿಶ್ಚಯಿಸಬೇಕು.

4. ವೇಳೆ ಗಡಿಯಾರದ ಪ್ರಕಾರ ಸ್ಥಿರವಾಗಿರಬೇಕು.

5. ಪ್ರಾಣರಕ್ಷಣೆಯ ಗ್ಲೂಕೋಸಿಗೆ ಸಂಕಲ್ಪದಲ್ಲಿಯೇ ಅವಕಾಶವಿರಬೇಕು.

ಆಹಾರದಾನದ ಜೊತೆಗೆ ಔಷಧದಾನವನ್ನೂ ಎಣಿಸಿದ ಧರ್ಮ ಇದು. ನಿಗದಿಯಾದ ವೇಳೆಗೆ ಮಗುವಿಗೆ ಔಷಧ ನೆನಪಿಸುವ ಅಜ್ಜಿಯೂ, ನಡುರಾತ್ರಿ ಎದ್ದು ರಕ್ತ ಪರೀಕ್ಷಿಸುವ ತಾಯಿಯೂ ವೈಯಾವೃತ್ಯವೆಂಬ ತಪಸ್ಸನ್ನೇ ಆಚರಿಸುತ್ತಿರುವರೆಂದು ತಿಳಿಯಬೇಕು.